ನಿನ್ನ ಮೂರು ವಾಕ್ಯಗಳು

ಅಲ್ ಖೋರ್, ಕತಾರ್
ಶುಕ್ರವಾರ

ಪ್ರೀತಿಯ ಅಳಿಯ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರು ಇಂಗ್ಲಿಷ್ ವಾಕ್ಯಗಳನ್ನು ನೋಡಿದೆ. "ಮಾವ, ಇವು ಗ್ರಾಮರ್ ಪ್ರಕಾರ ಸರಿಯಾ ತಪ್ಪಾ? ಅಷ್ಟು ಹೇಳಿದರೆ ಸಾಕು" ಎಂದು ಕೇಳಿದ್ದೀ. ಮೂರೂ ತಪ್ಪು. ಅಷ್ಟಕ್ಕೇ ನಿಲ್ಲಿಸಿದರೆ ನಾಳೆ ನಾಲ್ಕನೆಯ ವಾಕ್ಯಕ್ಕೆ ನೀನು ಮತ್ತೆ ನನ್ನನ್ನೇ ಕಾಯಬೇಕು. ಇಲ್ಲಿನ ಕೆಲಸಕ್ಕೆ ನಡೆಯುವ ಸಂದರ್ಶನದ ಕೋಣೆಯಲ್ಲಿ ನಾನು ನಿನ್ನ ಪಕ್ಕ ಕುಳಿತಿರುವುದಿಲ್ಲ. ಇಲ್ಲಿಗೆ ಬಂದ ಮೇಲೆ ರಾತ್ರಿ ಪಾಳಿಯಲ್ಲಿ ಲಾಗ್‌ಬುಕ್ ಬರೆಯುವಾಗಲೂ ಇರುವುದಿಲ್ಲ. ಆದ್ದರಿಂದ ತಪ್ಪು ಎಲ್ಲಿಂದ ಬಂತು, ಅದನ್ನು ನೀನೇ ಹಿಡಿಯುವುದು ಹೇಗೆ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ. ಇವತ್ತು ರಜೆ, ಪುರುಸೊತ್ತಿದೆ. ನೀನೂ ಪುರುಸೊತ್ತು ಮಾಡಿಕೊಂಡು ಓದು.

ಮೊದಲು ಇಲ್ಲಿನ ಇಂಗ್ಲಿಷ್ ಯಾವ ಬಗೆಯದು ಅನ್ನುವುದನ್ನು ತಿಳಿದುಕೊ. ಅಲ್ ಖೋರ್ ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. ಹಿಂದೆ ಮುತ್ತು ತೆಗೆಯುವವರ, ಮೀನು ಹಿಡಿಯುವವರ ಊರು. 2022ರ ನವೆಂಬರ್ 20ರಂದು ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯ ನಡೆದ ಅಲ್ ಬೈತ್ ಕ್ರೀಡಾಂಗಣ ಇಲ್ಲೇ ಇದೆ, ನೀನು ಟಿವಿಯಲ್ಲಿ ನೋಡಿರುತ್ತೀ. ಇನ್ನೂ ಉತ್ತರಕ್ಕೆ ಹೋದರೆ ರಾಸ್ ಲಫಾನ್ ಎಂಬ ಕೈಗಾರಿಕಾ ಬಂದರು ನಗರ. 1996ರ ಕೊನೆಯಲ್ಲಿ ದ್ರವೀಕರಿಸಿದ ಅನಿಲ ಹೊತ್ತ ಕತಾರಿನ ಮೊದಲ ಹಡಗು ಜಪಾನಿಗೆ ಹೊರಟದ್ದು ಅಲ್ಲಿಂದ. ಅಲ್ಲಿ ಕೆಲಸ ಮಾಡುವ ನಮ್ಮಂಥವರಲ್ಲಿ ಬಹಳ ಮಂದಿ ವಾಸ ಮಾಡುವುದು ಅಲ್ ಖೋರಿನಲ್ಲಿ.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಟೂಲ್‌ಬಾಕ್ಸ್ ಟಾಕ್ ಅಂತ ಐದು ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಇವತ್ತಿನ ಕೆಲಸ ಏನು, ಅಪಾಯ ಏನು ಎಂದು ಹೇಳುತ್ತೇವೆ. ಆ ಗುಂಪಿನಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟುವ ನೇಪಾಳಿ ಹುಡುಗರು, ಫಿಲಿಪ್ಪೀನ್ಸಿನ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್, ಮಲಯಾಳಿ ಫೋರ್‌ಮನ್, ಈಜಿಪ್ಟಿನ ಎಂಜಿನಿಯರ್, ಕೀನ್ಯಾದ ಸೇಫ್ಟಿ ಹುಡುಗ, ಕುಂದಾಪುರದ ನಾನು. ಇಂಗ್ಲಿಷ್ ನಮ್ಮಲ್ಲಿ ಒಬ್ಬರಿಗೂ ತಾಯಿನುಡಿ ಅಲ್ಲ. ದೇಶದ ಅಧಿಕೃತ ಭಾಷೆ ಅರಬ್ಬಿ, ಕೆಲಸದ ಕರಾರಿಗೆ ಕಾನೂನಿನ ಕಣ್ಣಲ್ಲಿ ಅರಬ್ಬಿ ಪ್ರತಿಯೇ ಪ್ರಮಾಣ. ಆದರೆ ಕೆಲಸ ಶುರುಮಾಡಲು ಅನುಮತಿ ಕೊಡುವ ಪರ್ಮಿಟ್, ಲಾಗ್‌ಬುಕ್, ರೇಡಿಯೊದ ಮಾತು, ಇಮೇಲ್ ಎಲ್ಲವೂ ಇಂಗ್ಲಿಷ್. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ವ್ಯಾಕರಣವನ್ನು ಒಳಗಿಟ್ಟುಕೊಂಡೇ ಆ ಇಂಗ್ಲಿಷ್ ಆಡುತ್ತಾರೆ. ಹಾಗಾಗಿ ನಾನು ಒಂದು ವಾಕ್ಯವನ್ನು ನೋಡುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಕೇಳಿದ ಬೇರೆ ಊರಿನವನು ನಾನು ಅಂದುಕೊಂಡದ್ದನ್ನೇ ಅಂದುಕೊಳ್ಳುತ್ತಾನೆಯೇ, ಬೇರೇನನ್ನಾದರೂ ಅಂದುಕೊಳ್ಳುತ್ತಾನೆಯೇ? ಬೇರೆ ಅರ್ಥ ಕೊಡುವ ತಪ್ಪು ದೊಡ್ಡ ತಪ್ಪು. ಕಿವಿಗೆ ಒರಟಾಗಿ ಕೇಳಿಸಿದರೂ ಅರ್ಥ ಕೆಡಿಸದ ತಪ್ಪು ಸಣ್ಣ ತಪ್ಪು. ಶಾಲೆಯಲ್ಲಿ ಎರಡಕ್ಕೂ ಒಂದೇ ಕೆಂಪು ಗೆರೆ ಎಳೆಯುತ್ತಾರೆ, ಅಲ್ಲಿಂದಲೇ ನಮ್ಮ ಹುಡುಗರ ಹೆದರಿಕೆ ಶುರುವಾಗುವುದು.

ಈಗ ನಿನ್ನ ಮೊದಲ ವಾಕ್ಯ. "ಐ ಹ್ಯಾಡ್ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2023." ಕನ್ನಡದಲ್ಲಿ "2023ರಲ್ಲಿ ಡಿಪ್ಲೊಮಾ ಮುಗಿಸಿದ್ದೆ" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದನ್ನೇ ನೀನು ಹಾಗೆಯೇ ದಾಟಿಸಿದ್ದೀ. ಇಂಗ್ಲಿಷಿನಲ್ಲಿ ಹ್ಯಾಡ್ ಬಂದರೆ ಕೇಳುವವನು ಇನ್ನೊಂದು ಘಟನೆಗೆ ಕಾಯುತ್ತಾನೆ. ಆ ಇನ್ನೊಂದು ನಡೆಯುವ ಹೊತ್ತಿಗೆ ಇದು ಮುಗಿದಿತ್ತು ಎಂದು ಹೇಳುವುದಕ್ಕೆ ಹ್ಯಾಡ್ ಇರುವುದು. "ನಾನು ಪಂಪಿನ ಹತ್ತಿರ ಹೋಗುವಷ್ಟರಲ್ಲಿ ಅವನು ಅದನ್ನು ನಿಲ್ಲಿಸಿದ್ದ" ಎನ್ನುವಾಗ ಹ್ಯಾಡ್ ಸರಿ. ನಿನ್ನ ಡಿಪ್ಲೊಮಾಕ್ಕೆ ಅಂಥ ಜೊತೆ ಘಟನೆ ಇಲ್ಲ, ಹಾಗಾಗಿ "ಐ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2023" ಸಾಕು.

ಆದರೆ ಇಲ್ಲಿ ಒಂದು ವಿಷಯ ನೋಡು, ನನಗೆ ಬಹಳ ಇಷ್ಟವಾದದ್ದು. ಈ ವ್ಯತ್ಯಾಸ ಕನ್ನಡಕ್ಕೆ ಗೊತ್ತಿಲ್ಲ ಎಂದಲ್ಲ. ನಿಮ್ಮ ಅಮ್ಮ "ಬಾಗಿಲು ಹಾಕಿದೆಯಾ?" ಎಂದು ಕೇಳಿದಾಗ ನೀನು "ಹಾಕಿದ್ದೇನೆ" ಎಂದರೆ ಬಾಗಿಲು ಈಗಲೂ ಹಾಕಿದೆ. "ಹಾಕಿದ್ದೆ" ಎಂದರೆ ಅವಳು ತಕ್ಷಣ ಎದ್ದು ಬಂದು ನೋಡುತ್ತಾಳೆ, ಯಾಕೆಂದರೆ ಆ ಮಾತಿನಲ್ಲಿ "ಆಮೇಲೆ ಯಾರು ತೆಗೆದರೋ ಗೊತ್ತಿಲ್ಲ" ಎನ್ನುವುದು ಅಡಗಿದೆ. ಹಾಕಿದೆ, ಹಾಕಿದ್ದೇನೆ, ಹಾಕಿದ್ದೆ ಎಂಬ ಮೂರು ಕನ್ನಡದ ರೂಪಗಳಿಗೆ ಎದುರಾಗಿ ಇಂಗ್ಲಿಷಿನಲ್ಲಿ ಕ್ಲೋಸ್ಡ್, ಹ್ಯಾವ್ ಕ್ಲೋಸ್ಡ್, ಹ್ಯಾಡ್ ಕ್ಲೋಸ್ಡ್ ಎಂಬ ಮೂರು ಇವೆ. ಹೆಚ್ಚು ಕಡಿಮೆ ಸರಿಯಾಗಿಯೇ ಹೊಂದುತ್ತವೆ. ಎಡವುವುದು ಒಂದೇ ಕಡೆ: ನಿನ್ನೆ, ಹೋದ ವಾರ, 2023ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದಾಗ. ಕನ್ನಡ "ನಿನ್ನೆ ಕಳಿಸಿದ್ದೇನೆ", "ನಿನ್ನೆ ಕಳಿಸಿದ್ದೆ" ಎರಡನ್ನೂ ಒಪ್ಪುತ್ತದೆ. ಇಂಗ್ಲಿಷ್ ಬರೀ "ಸೆಂಟ್ ಇಟ್ ಯೆಸ್ಟರ್‌ಡೇ" ಬೇಡುತ್ತದೆ. ಈ ಒಂದು ತಿರುವನ್ನು ಗಟ್ಟಿ ಮಾಡಿಕೊಂಡರೆ ಕಾಲದ ವಿಷಯದಲ್ಲಿ ನಿನ್ನ ಅರ್ಧಕ್ಕರ್ಧ ತಪ್ಪು ಹೋಗುತ್ತದೆ.

ಲಾಗ್‌ಬುಕ್ಕಿನಲ್ಲಿ ಇದರ ಬೆಲೆ ಏನು ಎಂದು ಹೇಳುತ್ತೇನೆ. ರಾತ್ರಿ ಪಾಳಿಯವನು "ವಿ ಹ್ಯಾಡ್ ಕ್ಲೋಸ್ಡ್ ದ ವಾಲ್ವ್" ಎಂದು ಬರೆದು ಬಸ್ಸು ಹತ್ತಿ ಹೋಗಿಬಿಟ್ಟ ಎಂದುಕೊ. ಹಗಲು ಪಾಳಿಯವನಿಗೆ ಅದನ್ನು ಓದಿ ಏನು ತಿಳಿಯಬೇಕು? ಮುಚ್ಚಿದ್ದರು, ಸರಿ, ಆಮೇಲೆ ತೆರೆದರೋ? ಈಗ ಅದು ಯಾವ ಸ್ಥಿತಿಯಲ್ಲಿದೆ? ಫೋನು ಮಾಡಿದರೆ ಆ ಮನುಷ್ಯ ಮಲಗಿರುತ್ತಾನೆ. ನಾನು ನನ್ನ ಕೈಕೆಳಗಿನ ಹುಡುಗರಿಗೆ ಎರಡು ವಾಕ್ಯ ಬರೆಯಲು ಹೇಳುತ್ತೇನೆ. ಒಂದು, ಎಷ್ಟು ಗಂಟೆಗೆ ಯಾರು ಏನು ಮಾಡಿದರು: "ವಿ ಕ್ಲೋಸ್ಡ್ ದ ವಾಲ್ವ್ ಅಟ್ 02:10." ಇನ್ನೊಂದು, ನಾನು ಪೆನ್ನು ಕೆಳಗಿಡುವಾಗ ಅದು ಹೇಗಿದೆ: "ದ ವಾಲ್ವ್ ಈಸ್ ಕ್ಲೋಸ್ಡ್." ಮಾಡಿದ್ದು ಬೇರೆ, ಇರುವುದು ಬೇರೆ. ಎರಡೂ ಬರೆದರೆ ಓದುವವನು ಊಹೆ ಮಾಡಬೇಕಾಗಿಲ್ಲ.

ಎರಡನೆಯ ವಾಕ್ಯ, "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್." ಇದು ಸಣ್ಣ ತಪ್ಪು, ಅರ್ಥ ಎಲ್ಲರಿಗೂ ಆಗುತ್ತದೆ. ಕನ್ನಡದಲ್ಲಿ "ಸೋಮವಾರದಿಂದ" ಎನ್ನುವುದಕ್ಕೂ "ಮೂರು ದಿನದಿಂದ" ಎನ್ನುವುದಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತನ್ನು ಹೇಳುವಾಗ ಸಿನ್ಸ್, ಉದ್ದವನ್ನು ಹೇಳುವಾಗ ಫಾರ್. ಜೊತೆಗೆ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ "ಹ್ಯಾವ್ ಬೀನ್ ವರ್ಕಿಂಗ್" ಬೇಕು. ಹೀಗೆ ಬರೆ: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್." ಜರ್ಮನರೂ ಫ್ರೆಂಚರೂ ಇಂಗ್ಲಿಷ್ ಕಲಿಯುವಾಗ ಇದೇ ಜಾಗದಲ್ಲಿ ನಿನ್ನ ಹಾಗೆಯೇ ತಪ್ಪುತ್ತಾರೆ, ಯಾಕೆಂದರೆ ಅವರ ಭಾಷೆಗಳೂ ಇಲ್ಲಿ ವರ್ತಮಾನವನ್ನೇ ಬಳಸುತ್ತವೆ. ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಹೀಗಾಯಿತು ಎಂದು ಬರೆದಿದ್ದೀಯಲ್ಲ, ಆ ಮಾತನ್ನು ಬಿಟ್ಟುಬಿಡು.

ಮೂರನೆಯದು ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು. ಸಂದರ್ಶನದ ಅಭ್ಯಾಸಕ್ಕೆಂದು ಗೆಳೆಯ ನಿನ್ನನ್ನು "ಯು ಡೋಂಟ್ ಹ್ಯಾವ್ ಗಲ್ಫ್ ಎಕ್ಸ್‌ಪೀರಿಯೆನ್ಸ್?" ಎಂದು ಕೇಳಿದ, ನೀನು "ಯೆಸ್, ಐ ಡೋಂಟ್ ಹ್ಯಾವ್" ಎಂದೆ. ಕನ್ನಡದಲ್ಲಿ "ಅನುಭವ ಇಲ್ವಾ?" ಎಂದರೆ "ಹೌದು, ಇಲ್ಲ" ಎನ್ನುತ್ತೇವೆ. ನಮ್ಮ ಹೌದು ಕೇಳಿದವನ ಮಾತಿಗೆ ಒಪ್ಪಿಗೆ: ನೀವು ಹೇಳಿದ್ದು ನಿಜ, ಇಲ್ಲ. ಇಂಗ್ಲಿಷಿನ ಯೆಸ್ ಕೇಳಿದವನ ಮಾತನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಸಂಗತಿ ಇದ್ದರೆ ಯೆಸ್, ಇಲ್ಲದಿದ್ದರೆ ನೋ, ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಸರಿ. ಜಪಾನಿ, ಕೊರಿಯನ್ ಭಾಷೆಗಳು ಇದರಲ್ಲಿ ನಮ್ಮ ಕಡೆ. ಎರಡೂ ಪದ್ಧತಿ ತಮ್ಮ ತಮ್ಮ ಜಾಗದಲ್ಲಿ ಸರಿ, ಬೆರೆತಾಗ ಅಪಾಯ.

ಸಂದರ್ಶನದಲ್ಲಾದರೆ ಒಂದು ಕ್ಷಣದ ಗೊಂದಲ, ಅಷ್ಟೆ. ರೇಡಿಯೊದಲ್ಲಿ ಇದನ್ನು ಯೋಚಿಸಿ ನೋಡು. ಕಂಟ್ರೋಲ್ ರೂಮಿನಿಂದ ಒಬ್ಬರು "ಯು ಹ್ಯಾವಂಟ್ ಕ್ಲೋಸ್ಡ್ ದ ವಾಲ್ವ್?" ಎಂದು ಕೇಳುತ್ತಾರೆ. ನೀನು ಪೈಪುಗಳ ನಡುವೆ, ಸದ್ದಿನಲ್ಲಿ, ಕಿವಿಗೆ ಮಫ್ ಹಾಕಿಕೊಂಡು ನಿಂತಿದ್ದೀ. "ಯೆಸ್" ಎನ್ನುತ್ತೀ, ಅಂದರೆ ನಿನ್ನ ಮನಸ್ಸಿನಲ್ಲಿ "ಹೌದು, ಇನ್ನೂ ಮುಚ್ಚಿಲ್ಲ". ಅವರು ಕೇಳಿಸಿಕೊಂಡದ್ದು "ಮುಚ್ಚಿದ್ದೇನೆ". ಇಲ್ಲಿ ಕಾಗುಣಿತದ ತಪ್ಪಿಲ್ಲ, ಪದದ ತಪ್ಪಿಲ್ಲ, ಇರುವುದು ಒಂದೇ ಒಂದು ಪದ, ಅದು ಇಂಗ್ಲಿಷಿನ ಅತ್ಯಂತ ಸುಲಭದ ಪದ. ಆದರೂ ಅರ್ಥ ಪೂರ್ತಿ ತಲೆಕೆಳಗು. ಆದ್ದರಿಂದ ಎರಡು ಅಭ್ಯಾಸ ಮಾಡಿಕೊ. ಕೇಳುವಾಗ ಇಲ್ಲ ಎಂಬ ಅರ್ಥ ಸೇರಿಸಿ ಕೇಳಬೇಡ, "ಈಸ್ ದ ವಾಲ್ವ್ ಓಪನ್ ಆರ್ ಕ್ಲೋಸ್ಡ್?" ಎಂದು ಕೇಳು. ಉತ್ತರಿಸುವಾಗ ಬರೀ ಯೆಸ್, ನೋ ಅನ್ನಬೇಡ, ಪೂರ್ತಿ ವಾಕ್ಯ ಹೇಳು: "ದ ವಾಲ್ವ್ ಈಸ್ ಓಪನ್." ಟೂಲ್‌ಬಾಕ್ಸ್ ಟಾಕ್‌ನಲ್ಲಿ "ಅಂಡರ್‌ಸ್ಟುಡ್?" ಎಂದು ಕೇಳಿದರೆ ಎಲ್ಲ ಹುಡುಗರೂ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯನ್ನು ನಾನು ನಂಬುವುದಿಲ್ಲ. ಒಬ್ಬನನ್ನು ಕರೆದು, ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ತಿರುಗಿ ಹೇಳಪ್ಪಾ ಎನ್ನುತ್ತೇನೆ. ಅವನ ಇಂಗ್ಲಿಷ್ ಹರಕು ಮುರುಕಾಗಿರಲಿ, ಹೇಳಿದ್ದು ಸರಿಯಿದ್ದರೆ ನನಗೆ ಸಮಾಧಾನ.

ನಾನು ವಿಷಯವನ್ನು ದೊಡ್ಡದು ಮಾಡುತ್ತಿದ್ದೇನೆ ಎಂದು ನಿನಗೆ ಅನ್ನಿಸಬಾರದು, ಅದಕ್ಕೆ ಒಂದು ನಡೆದ ಸಂಗತಿ ಹೇಳುತ್ತೇನೆ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇ ಮೇಲೆ ಇದ್ದವು. ಡಚ್ಚರ ವಿಮಾನದಿಂದ ಕಂಟ್ರೋಲ್ ಟವರಿಗೆ ಒಂದು ಮಾತು ಹೋಯಿತು: "ವಿ ಆರ್ ನೌ ಅಟ್ ಟೇಕ್‌ಆಫ್." ಟವರಿನಲ್ಲಿದ್ದ ಸ್ಪೇನಿನವನು ವಿಮಾನ ಹಾರುವ ಜಾಗದಲ್ಲಿ ಬಂದು ನಿಂತಿದೆ ಎಂದು ಅರ್ಥ ಮಾಡಿಕೊಂಡ. ವಿಮಾನ ಆಗಲೇ ಓಡಲು ಶುರುಮಾಡಿತ್ತು. ನಿಲ್ಲಿ, ನಾನು ಕರೆಯುತ್ತೇನೆ ಎಂದು ಟವರಿನವನು ಹೇಳಿದ ಮಾತು ರೇಡಿಯೊದ ಕಿರುಚಾಟದಲ್ಲಿ ಸರಿಯಾಗಿ ಕೇಳಿಸಲಿಲ್ಲ. 583 ಮಂದಿ ಸತ್ತರು. ಅಪಘಾತಕ್ಕೆ ಕಾರಣಗಳು ಹಲವು, ಆದರೆ ಆ ವಾಕ್ಯದ ಬಗ್ಗೆ ಭಾಷಾವಿದ್ವಾಂಸರು ಒಂದು ಮಾತು ಹೇಳಿದ್ದಾರೆ: ಡಚ್ ಭಾಷೆಯಲ್ಲಿ ನಡೆಯುತ್ತಿರುವ ಕೆಲಸವನ್ನು ಹೇಳುವಾಗ ಹೆಚ್ಚು ಕಡಿಮೆ ಇಂಥದೇ ಒಂದು ಕಟ್ಟು ಬರುತ್ತದೆ, ಅದು ಇಂಗ್ಲಿಷಿನೊಳಗೆ ಇಳಿದು ಬಂದಿರಬಹುದು ಎಂದು. ಹೇಳಿದವನಿಗೆ ಅದು "ಹಾರುತ್ತಿದ್ದೇವೆ", ಕೇಳಿದವನಿಗೆ "ಹಾರುವ ಜಾಗದಲ್ಲಿದ್ದೇವೆ". ಆಮೇಲೆ ವಿಮಾನ ಲೋಕದಲ್ಲಿ ಟೇಕ್‌ಆಫ್ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂದೆಗೆಯುವಾಗ ಮಾತ್ರ ಆಡಬೇಕು, ಉಳಿದ ಕಡೆ ಡಿಪಾರ್ಚರ್ ಅನ್ನಬೇಕು ಎಂಬ ನಿಯಮ ಬಂತು.

ಹಾಗೆಂದು ಇಂಗ್ಲಿಷ್ ತಾಯಿನುಡಿಯವರೇ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಹೊತ್ತಿ ಉರಿದು 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವನ್ನು ಹಗಲಿನವರು ಬಿಚ್ಚಿ ತೆಗೆದಿದ್ದರು, ಆ ಸಂಗತಿ ರಾತ್ರಿಯವರಿಗೆ ತಿಳಿಯಲಿಲ್ಲ, ಅವರು ಪಂಪು ಶುರುಮಾಡಿದರು. ಅಲ್ಲಿ ಭಾಷೆಯ ತೊಡಕು ಇರಲಿಲ್ಲ. ಆದರೂ ಹೇಳಬೇಕಾದ ಒಂದು ವಾಕ್ಯ ತಲುಪಬೇಕಾದವರಿಗೆ ತಲುಪಲಿಲ್ಲ. ಇವತ್ತು ನಾವು ಪರ್ಮಿಟ್, ಹ್ಯಾಂಡೋವರ್ ಎಂದು ಇಷ್ಟು ಒದ್ದಾಡುವುದರ ಹಿಂದೆ ಆ ರಾತ್ರಿಯ ಪಾಠವೂ ಇದೆ.

ಮುಂದೆ ನೀನು ಬರೆಯುವ ವಾಕ್ಯಗಳಲ್ಲಿ ಅರ್ಥ ಕೆಡಿಸುವ ಜಾಗಗಳು ಇನ್ನೂ ಕೆಲವು ಇವೆ, ಅವುಗಳಲ್ಲಿ ಕನ್ನಡವೇ ನಿನಗೆ ಕಾವಲು. "ಐದು ಗಂಟೆಯ ಒಳಗೆ" ಮತ್ತು "ಐದು ಗಂಟೆಯ ತನಕ" ಬೇರೆ ಬೇರೆ ಎಂದು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಬೈ, ಎರಡನೆಯದಕ್ಕೆ ಅನ್‌ಟಿಲ್. "ಫಿನಿಶ್ ದ ವರ್ಕ್ ಅನ್‌ಟಿಲ್ ಫೈವ್" ಎಂದು ಬರೆಯುವವರನ್ನು ಇಲ್ಲಿ ದಿನವೂ ನೋಡುತ್ತೇನೆ. ಅನುಮಾನ ಬಂದಾಗ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊ, ಒಳಗೆ ಬಂದರೆ ಬೈ, ತನಕ ಬಂದರೆ ಅನ್‌ಟಿಲ್. ಹಾಗೆಯೇ "ಆಲ್ ಪಂಪ್ಸ್ ಆರ್ ನಾಟ್ ರನ್ನಿಂಗ್" ಎಂದು ಎಂದೂ ಬರೆಯಬೇಡ. ಅದರಲ್ಲಿ ಒಂದೂ ಓಡುತ್ತಿಲ್ಲ ಎನ್ನುವ ಅರ್ಥವೂ ಇದೆ, ಕೆಲವು ಮಾತ್ರ ಓಡುತ್ತಿವೆ ಎನ್ನುವ ಅರ್ಥವೂ ಇದೆ. ಮೊದಲನೆಯದಾದರೆ "ನನ್ ಆಫ್ ದ ಪಂಪ್ಸ್ ಈಸ್ ರನ್ನಿಂಗ್". ಎರಡನೆಯದಾದರೆ ಯಾವ ಪಂಪ್ ಓಡುತ್ತಿದೆ, ಯಾವುದು ನಿಂತಿದೆ ಎಂದು ನಂಬರ್ ಹಾಕಿ ಬರೆ.

ಇನ್ನೊಂದು, ಶಲ್ ಮತ್ತು ಶುಡ್. ರೆನ್ ಮತ್ತು ಮಾರ್ಟಿನ್ ಬರೆದ ವ್ಯಾಕರಣ ನಮ್ಮ ಮನೆಯ ಅಟ್ಟದಲ್ಲಿ ಈಗಲೂ ಇರಬೇಕು, ಅದರಲ್ಲಿ ಐ, ವಿ ಜೊತೆ ಶಲ್, ಉಳಿದವರಿಗೆ ವಿಲ್ ಎಂದು ನಾವು ಬಾಯಿಪಾಠ ಮಾಡಿದ್ದು. ಕಾರ್ಖಾನೆಯ ದಾಖಲೆಗಳಲ್ಲಿ ಅದು ನಡೆಯುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡಗಳನ್ನು ಬರೆಯುವವರು ಶಲ್ ಎಂದರೆ ಮಾಡಲೇಬೇಕು, ಶುಡ್ ಎಂದರೆ ಮಾಡುವುದು ಒಳ್ಳೆಯದು, ಮೇ ಎಂದರೆ ಮಾಡಬಹುದು ಎಂದು ಗೊತ್ತು ಮಾಡಿಕೊಂಡಿದ್ದಾರೆ. "ದ ಆಪರೇಟರ್ ಶಲ್ ವೇರ್" ಎಂದು ಓದಿದರೆ ಅದು ಭವಿಷ್ಯತ್ ಕಾಲ ಅಲ್ಲ, ಆಜ್ಞೆ. ಅದನ್ನು ಶುಡ್ ಎಂದು ನಕಲು ಮಾಡಿದರೆ ಆಜ್ಞೆ ಸಲಹೆಯಾಗಿ ಇಳಿದುಬಿಡುತ್ತದೆ.

ವಾಕ್ಯ ಎಷ್ಟು ಉದ್ದ ಇರಬೇಕು ಎಂದೂ ಕೇಳಿದ್ದೀ. ವಿಮಾನ ರಿಪೇರಿಯ ಕೈಪಿಡಿಗಳನ್ನು ಬರೆಯುವುದಕ್ಕೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಎಂಬ ಒಂದು ಕಟ್ಟುಪಾಡು ಇದೆ, 1980ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿದ್ದು. ಇಂಗ್ಲಿಷ್ ತಾಯಿನುಡಿಯಲ್ಲದ ಮೆಕ್ಯಾನಿಕ್ಕುಗಳಿಗೂ ತಪ್ಪದೆ ಅರ್ಥವಾಗಲಿ ಎಂದೇ ಮಾಡಿದ್ದು. ಅದರಲ್ಲಿ ಸೂಚನೆಯ ವಾಕ್ಯ 20 ಪದ ದಾಟಬಾರದು, ವಿವರಣೆಯ ವಾಕ್ಯ 25 ದಾಟಬಾರದು, ಯಾರು ಏನು ಮಾಡಬೇಕು ಎಂದು ನೇರವಾಗಿ ಹೇಳಬೇಕು. ಬೋಯಿಂಗ್, ಏರ್‌ಬಸ್ ತಯಾರಿಸುವ ಜನರೇ ಸಣ್ಣ ವಾಕ್ಯ ಬೇಕು ಎನ್ನುವಾಗ, ಉದ್ದ ವಾಕ್ಯ ಬರೆದರೆ ಓದಿದವನ ಹಾಗೆ ಕಾಣುತ್ತೇನೆ ಎಂಬ ಆಸೆ ನಮಗೆ ಯಾಕೆ? ನಿನ್ನ ಕೆಲಸದ ಅರ್ಜಿಯ ಮೊದಲ ವಾಕ್ಯ ಐದು ಸಾಲು ಇದೆ. ಅದನ್ನು ಮುರಿದು ಮೂರು ಮಾಡು.

ಸಣ್ಣ ತಪ್ಪುಗಳ ವಿಷಯಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಡಿಸ್ಕಸ್ ಆದ ಮೇಲೆ ಅಬೌಟ್ ಬೇಡ, ಅದು "ಬಗ್ಗೆ ಚರ್ಚಿಸಿದೆವು" ಎನ್ನುವುದರಿಂದ ಬಂದದ್ದು. "ಯೆಸ್ಟರ್‌ಡೇ ಓನ್ಲಿ", "ಹಿಯರ್ ಓನ್ಲಿ" ಎಂದು ಬರೆಯುವುದು ನಮ್ಮ "ನಿನ್ನೆಯೇ", "ಇಲ್ಲೇ" ಎಂಬುದರಿಂದ. "ಮೈಸೆಲ್ಫ್" ಎಂದು ಪರಿಚಯ ಶುರುಮಾಡಬೇಡ, "ಐ ಆಮ್" ಎನ್ನು. ಎ, ದ ಹಾಕುವುದು ನಮಗೆ ಕೊನೆಯವರೆಗೂ ಸ್ವಲ್ಪ ಕಷ್ಟವೇ, ಕನ್ನಡದಲ್ಲಿ ಅಂಥದ್ದೇ ಇಲ್ಲ. ಓದುತ್ತಾ ಓದುತ್ತಾ ಸರಿಹೋಗುತ್ತದೆ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡ.

ನಮ್ಮ ದೇಶದ ಇಂಗ್ಲಿಷಿನ ಕೆಲವು ಮಾತುಗಳನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡು. ಅವು ಊರಲ್ಲಿ ಸರಿ, ತಪ್ಪು ಎಂದು ನಾನು ಹೇಳುವುದಿಲ್ಲ. ಪ್ರೀಪೋನ್ ಎಂಬ ಪದ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ. ಆದರೆ ಇಲ್ಲಿ ಕೇಳುವವನು ಭಾರತದವನಲ್ಲದಿದ್ದರೆ ಕೆಲವು ಮಾತು ಬೇರೆ ದಾರಿ ಹಿಡಿಯುತ್ತವೆ. "ಐ ಪಾಸ್ಡ್ ಔಟ್ ಇನ್ 2023" ಎಂದರೆ ಬಹಳ ಜನರಿಗೆ ನೀನು ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ. "ಐ ವಿಲ್ ರಿವರ್ಟ್" ಎಂದರೆ ನಮಗೆ ಉತ್ತರ ಕೊಡುತ್ತೇನೆ ಎಂದು, ಆದರೆ ಪ್ಲಾಂಟಿನಲ್ಲಿ ರಿವರ್ಟ್ ಎಂದರೆ ಮೊದಲಿದ್ದ ಸ್ಥಿತಿಗೆ ಮರಳಿಸುವುದು. ಒಂದು ಬದಲಾವಣೆಯ ಕುರಿತ ಇಮೇಲಿಗೆ "ವಿಲ್ ರಿವರ್ಟ್" ಎಂದು ನೀನು ಬರೆದರೆ ಅದನ್ನು ಓದಿದವನು ಬದಲಾವಣೆ ರದ್ದಾಯಿತು ಎಂದುಕೊಳ್ಳಬಹುದು. "ಐ ವಿಲ್ ರಿಪ್ಲೈ ಬೈ ಸಂಡೇ" ಎಂದು ಬರೆದರೆ ಯಾವ ತಕರಾರೂ ಇಲ್ಲ.

ಫೋನಿನಲ್ಲಿ ಗ್ರಾಮರ್ಲಿ ಇದೆ, ಅದು ಸರಿ ಎಂದರೆ ಸರಿಯಲ್ಲವೇ ಎಂದು ಕೇಳಿದ್ದೀ. ಬಳಸು, ಸಂಕೋಚ ಬೇಡ. ಹಿ ಆದ ಮೇಲೆ ಡೋಂಟ್ ಬರೆದದ್ದು, ಡಿಡ್ ಆದ ಮೇಲೆ ವೆಂಟ್ ಬರೆದದ್ದು, ಕಾಗುಣಿತ, ಬಿಟ್ಟುಹೋದ ದ, ಇವನ್ನೆಲ್ಲ ಇಂಥ ತಂತ್ರಾಂಶಗಳು ಚೆನ್ನಾಗಿ ಹಿಡಿಯುತ್ತವೆ. ಆದರೆ "ದ ವಾಲ್ವ್ ಈಸ್ ಓಪನ್" ಎಂಬ ವಾಕ್ಯದ ಮುಂದೆ ಅದು ಹಸಿರು ಗುರುತು ತೋರಿಸುತ್ತದೆ, ವಾಲ್ವ್ ನಿಜವಾಗಿ ಮುಚ್ಚಿದ್ದರೂ ಸಹ. ನೀನು ಹೇಳಬೇಕೆಂದುಕೊಂಡದ್ದು ಅದಕ್ಕೆ ಗೊತ್ತಿಲ್ಲ, ಅದು ಬಲ್ಲದ್ದು ವಾಕ್ಯ ಹೇಗೆ ಕಾಣಬೇಕು ಎಂಬುದನ್ನು ಮಾತ್ರ. ಅದು ಬದಲಿಸಿಕೊಟ್ಟ ವಾಕ್ಯವನ್ನು ಒಪ್ಪುವ ಮುಂಚೆ ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡು, ನೀನು ಹೇಳಹೊರಟದ್ದೇ ಬಂತೇ ಎಂದು. ತಂತ್ರಾಂಶ ತೋರಿಸಿದ ತಪ್ಪಿಗೆ ಕಾರಣ ಹುಡುಕುವುದಕ್ಕೆ ರೇಮಂಡ್ ಮರ್ಫಿಯ ಇಂಗ್ಲಿಷ್ ಗ್ರಾಮರ್ ಇನ್ ಯೂಸ್ ತೆಗೆದುಕೊ. 1985ರಲ್ಲಿ ಮೊದಲು ಬಂದ ಪುಸ್ತಕ, ಈಗಲೂ ಮರುಮುದ್ರಣ ಆಗುತ್ತಿದೆ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ದಿನಕ್ಕೆ ಒಂದು ಪಾಠ ಮಾಡು. ಅದರ ಮೊದಲ ಭಾಗ ಪೂರ್ತಿ ಕಾಲಗಳ ಬಗ್ಗೆಯೇ ಇದೆ, ನಿನಗೆ ಬೇಕಾದದ್ದೂ ಅದೇ.

ಕೊನೆಗೆ, ನಿನ್ನ ಸಂದೇಶದ ಕೊನೆಯ ಸಾಲಿನ ಬಗ್ಗೆ. "ಕನ್ನಡ ಮೀಡಿಯಂನಲ್ಲಿ ಓದಿ ಕೆಟ್ಟೆ ಮಾವ" ಎಂದು ಬರೆದಿದ್ದೀ. ಅದನ್ನು ಓದಿ ನನಗೆ ನೋವಾಯಿತು. ಮಂಗಳೂರಿನ ಬಾಸೆಲ್ ಮಿಷನ್‌ನಿಂದ 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ತಂದ ಫರ್ಡಿನಾಂಡ್ ಕಿಟೆಲ್ ಜರ್ಮನಿಯವನು. 1903ರಲ್ಲಿ ಕನ್ನಡದ ವ್ಯಾಕರಣವನ್ನೂ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ. ಕನ್ನಡವೂ ಅವನ ತಾಯಿನುಡಿಯಲ್ಲ, ಇಂಗ್ಲಿಷೂ ಅಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸುವಷ್ಟು ಆಳಕ್ಕೆ ಇಳಿದು ಅವನು ಕನ್ನಡದ ಕಟ್ಟನ್ನು ತಿಳಿದುಕೊಂಡ. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಆ ಅಭ್ಯಾಸವೇ ಅವನ ಬಲ. ನಿನಗೆ ಅದರಲ್ಲಿ ಅರ್ಧ ಕೆಲಸ ಹುಟ್ಟಿನಿಂದಲೇ ಆಗಿದೆ. ಹಾಕಿದ್ದೆ, ಹಾಕಿದ್ದೇನೆ ಇವೆರಡರ ಭೇದವನ್ನು ಅರೆನಿದ್ದೆಯಲ್ಲೂ ತಪ್ಪದೆ ಹೇಳುವವನು ನೀನು. ಕನ್ನಡದಲ್ಲಿ ನೀನು ಯೋಚಿಸುವುದರಿಂದ ಇಂಗ್ಲಿಷ್ ಕೆಡುತ್ತಿಲ್ಲ. ಕನ್ನಡದಲ್ಲಿ ಯೋಚಿಸಿದ್ದನ್ನು ಎದುರಿಗಿಟ್ಟುಕೊಂಡು ನೋಡದೆ ಅವಸರದಲ್ಲಿ ದಾಟಿಸುವುದರಿಂದ ಕೆಡುತ್ತಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದು "ಯೆಸ್, ನಾಟ್ ಕ್ಲೋಸ್ಡ್" ಎನ್ನುವ ಹುಡುಗರೂ ಇಲ್ಲಿ ಬೇಕಾದಷ್ಟಿದ್ದಾರೆ. ಮೀಡಿಯಂ ಯಾವುದು ಎಂದು ಪರ್ಮಿಟ್ಟಿನ ಹಾಳೆ ಕೇಳುವುದಿಲ್ಲ.

ಸಂದರ್ಶನದಲ್ಲಿ ಗೊತ್ತಾಗದ ಪ್ರಶ್ನೆ ಬಂದರೆ ಇನ್ನೊಮ್ಮೆ ಕೇಳು. "ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?" ಎನ್ನುವುದು ಅವಮಾನದ ಮಾತಲ್ಲ. ಅರ್ಥವಾಗದೆ ತಲೆಯಾಡಿಸುವವನಿಗಿಂತ ತಿರುಗಿ ಕೇಳುವವನನ್ನೇ ನಾನಾದರೆ ಆರಿಸುತ್ತೇನೆ. ಈ ಕೆಲಸದಲ್ಲಿ ಹಳಬರಾದ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಾರೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು. ಇನ್ನು ಮುಂದೆ ನನಗೆ ವಾಕ್ಯ ಕಳಿಸುವಾಗ ಅದರ ಕೆಳಗೆ ನೀನು ಹೇಳಬೇಕೆಂದುಕೊಂಡದ್ದನ್ನು ಕನ್ನಡದಲ್ಲೂ ಬರೆ, ಎಲ್ಲಿ ಅನುಮಾನ ಬಂತು ಎಂದು ಗೆರೆ ಎಳೆದು ತೋರಿಸು. ಬರೀ "ಸರಿಯಾ ತಪ್ಪಾ" ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ನಿನ್ನ ಪ್ರೀತಿಯ
ಮಾವ